ಮಲಗುವ ಕೋಣೆಯ ಜಂತಿಗೆ ಹೊಗೆ ಎಲ್ಲಿಂದ ಬಂತು?

2024ರ ಏಪ್ರಿಲ್. ಬಾದಾಮಿ ಸೀಮೆಯ ನಮ್ಮ ಊರಲ್ಲಿ ಬಿಸಿಲು ಅಂದರೆ ಬಿಸಿಲು. ಹಳೆ ಮನೆಯ ಮಲಗುವ ಕೋಣೆಯಲ್ಲಿ ಏಣಿ ಹತ್ತಿ ನಿಂತಿದ್ದೆ. ಯುಗಾದಿಗೆ ಮುಂಚೆ ಜೇಡರ ಬಲೆ ಹೊಡೆಯೋಣ ಅಂತ ಒದ್ದೆ ಬಟ್ಟೆಯಿಂದ ಜಂತಿ ಒರೆಸಿದೆ. ಬಟ್ಟೆ ಕರ್ರಗಾಯ್ತು. ಧೂಳಿನ ಕಪ್ಪು ಅಲ್ಲ ಅದು. ಅಂಟು ಅಂಟು, ಸ್ವಲ್ಪ ಹೊಳಪು. ಉಗುರಿನಿಂದ ಕೆರೆದರೆ ಬೆಲ್ಲದ ಪಾಕ ಆರಿದ ಹಾಗೆ ಚಕ್ಕೆ ಚಕ್ಕೆ ಎದ್ದು ಬಂತು. ಮೂಗಿಗೆ ಹಿಡಿದೆ. ಕುಳ್ಳಿನ ಹೊಗೆಯ ವಾಸನೆ!

ಆ ಕೋಣೆಯಲ್ಲಿ ಒಂಬತ್ತು ಜಂತಿ ಇವೆ. ಐದು ಕಪ್ಪು, ನಾಲ್ಕು ಬರೀ ಹಳೆ ಕಟ್ಟಿಗೆಯ ಬಣ್ಣ. ನನಗೆ ಬುದ್ಧಿ ತಿಳಿದಾಗಿನಿಂದ ಅದು ಮಲಗುವ ಕೋಣೆ. ಅಪ್ಪನ ಮಂಚ ಅಲ್ಲೇ ಇತ್ತು. ಅಡುಗೆ ಮನೆ ಇರುವುದು ಹಿಂದೆ, ಹಿತ್ತಲಿಗೆ ಹೊಂದಿಕೊಂಡು. ಹಾಗಾದರೆ ಇಲ್ಲಿ ಹೊಗೆ ಎಲ್ಲಿಂದ ಬಂತು?

ಅದಕ್ಕೆ ಒಂದು ವರ್ಷ ಮುಂಚೆ ಆಗಿದ್ದರೆ ನಾನು ಸುಮ್ನೆ ಇನ್ನೊಂದು ಸಲ ಒರೆಸಿ ಕೆಳಗೆ ಇಳಿದುಬಿಡುತ್ತಿದ್ದೆ. 2023ರ ಬೇಸಿಗೆಯಲ್ಲಿ ಕಂಡ ಕೆಲವು ಮನೆಗಳು ನನ್ನ ಕಣ್ಣು ಬದಲಿಸಿದ್ದವು. ಅದನ್ನು ಹೇಳದೆ ಈ ಜಂತಿಯ ಕತೆ ಹೇಳೋಕೆ ಆಗೋದಿಲ್ಲ.

ಮಗ ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕೆಲಸ ಮಾಡುತ್ತಾನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಗಣಿತ ಕಲಿಸಿ ನಿವೃತ್ತಳಾದೆ, ಅವನ ಹತ್ತಿರ ಮೂರು ತಿಂಗಳು ಇದ್ದು ಬಂದೆ. ಒಂದು ಭಾನುವಾರ ಊರ ಹೊರಗಿನ ಸೇಂಟ್ ಫ್ಯಾಗನ್ಸ್ ಅನ್ನುವ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ, ನಾಣ್ಯ ಇಟ್ಟಿರ್ತಾರೆ ಅಂದುಕೊಂಡಿದ್ದೆ. ಅಲ್ಲಿ ಇಟ್ಟಿದ್ದು ಮನೆಗಳನ್ನೇ! ವೇಲ್ಸ್ ದೇಶದ ಮೂಲೆ ಮೂಲೆಯಿಂದ ಹಳೆ ಮನೆ, ಗಿರಣಿ, ಶಾಲೆ, ಪ್ರಾರ್ಥನಾ ಮಂದಿರ ಎಲ್ಲ ಬಿಚ್ಚಿ ತಂದಿದ್ದಾರೆ. ಕಲ್ಲಿಗೆ, ತೊಲೆಗೆ ನಂಬರು ಹಾಕಿ, ಇಲ್ಲಿ ಅದೇ ಜೋಡಣೆಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಲವತ್ತಕ್ಕೂ ಹೆಚ್ಚು ಕಟ್ಟಡ. 1948ರಲ್ಲಿ ಶುರುವಾದದ್ದು. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲೇ ಇಂಥದೊಂದು ಬಯಲು ಸಂಗ್ರಹಾಲಯ ಆಗಿತ್ತು, ಅದನ್ನು ನೋಡಿ ಯೋರ್ವೆರ್ತ್ ಪೀಟ್ ಅನ್ನುವ ವಿದ್ವಾಂಸರು ತಮ್ಮ ನಾಡಿಗೂ ಬೇಕು ಅಂತ ದುಡಿದರು. ಟಿಕೆಟ್ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಒಲೆಯ ಮುಂದೆ ಕೂತು ಬರಬಹುದು.

ಅಲ್ಲಿ ಹೆಂಡ್ರೆರ್-ಅವಿದ್ ಇಖಾವ್ ಅಂತ ಒಂದು ರೈತನ ಮನೆ ಇದೆ. ಈಶಾನ್ಯ ವೇಲ್ಸ್‌ನ ಡೆನ್‌ಬಿಶೈರ್ ಕಡೆಯದು. ಹೆಸರು ಬಾಯಿಗೆ ಬರಲು ನನಗೆ ಎರಡು ದಿನ ಬೇಕಾಯ್ತು. ಹೆಂಡ್ರೆ ಅಂದರೆ ಹಳೆ ಮನೆ, ಚಳಿಗಾಲದಲ್ಲಿ ಇರುವ ತಳದ ಮನೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಗುಡ್ಡದ ಮೇಲೆ ಹೋಗಿ ಇರುವ ಮನೆಗೆ ಬೇರೆ ಹೆಸರು. ಈ ಮನೆಯ ಓಕ್ ಮರದ ಒಳಗಿನ ವರ್ಷದ ಉಂಗುರಗಳನ್ನು ಎಣಿಸಿ, ಮರ ಕಡಿದದ್ದು 1508ರಲ್ಲಿ ಅಂತ ಲೆಕ್ಕ ಹಾಕಿದ್ದಾರೆ. ಬಾಗಿದ ಮರದ ಎರಡು ತೊಲೆಗಳನ್ನು ಎದುರುಬದುರು ನೆಟ್ಟು, ಮೇಲೆ ತುದಿ ಕೂಡಿಸಿ, ಕೈ ಜೋಡಿಸಿ ನಿಂತ ಹಾಗೆ ಮಾಡುತ್ತಾರೆ. ಅಂಥ ಒಂದು ಜೋಡಿಯಿಂದ ಮುಂದಿನ ಜೋಡಿಗೆ ಎಷ್ಟು ಜಾಗವೋ ಅದು ಒಂದು ಪಾಲು. ಅಂಥ ಐದು ಪಾಲು ಆ ಮನೆ.

ಅದನ್ನು ಓದಿದ ಕೂಡಲೇ ನಾನು ಮಗನಿಗೆ ಅಂದೆ, "ಐದಂಕಣದ ಮನಿ ಅಲ್ಲೇನೋ ಇದು!"

ನಮ್ಮ ಕಡೆ ಮನೆಯನ್ನು ಅಳೆಯುವುದೇ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಹೆಣ್ಣು ಕೊಡುವಾಗ "ಎಷ್ಟು ಅಂಕಣದ ಮನಿ" ಅಂತ ಕೇಳುತ್ತಿದ್ದರು, ಎಷ್ಟು ಎಕರೆ ಅಂತ ಕೇಳುವಷ್ಟೇ ಮುಖ್ಯ ಅದು. ಸಾವಿರಾರು ಮೈಲಿ ಆಚೆ ಬೇರೆ ಮರ, ಬೇರೆ ಮಳೆ, ಬೇರೆ ಮಾತಿನ ರೈತರೂ ಮನೆಯನ್ನು ಹೀಗೇ ಎಣಿಸುತ್ತಿದ್ದರು ಅಂತ ಗೊತ್ತಾದಾಗ ನನಗೆ ಮೈ ಜುಂ ಅಂತು. ಯೋಚನೆ ಮಾಡಿದರೆ ಕಾರಣ ಸರಳ. ಒಂದು ತೊಲೆ ಎಷ್ಟು ಉದ್ದ ಸಿಗುತ್ತೋ ಅಷ್ಟೇ ಅಗಲ ಕಟ್ಟಬಹುದು. ಮನೆ ದೊಡ್ಡದಾಗಬೇಕಾದರೆ ಇನ್ನೊಂದು ಅಂಕಣ ಸೇರಿಸಬೇಕು.

ಇನ್ನೊಂದು ಸಂಗತಿ. ಆ ಮನೆಯ ಕೆಳಗಿನ ತುದಿ ದನಗಳಿಗೆ. ಮೇಲಿನ ತುದಿ ಜನರಿಗೆ. ಸೂರು ಒಂದೇ. ಅಲ್ಲೇ ಸ್ವಲ್ಪ ದೂರದಲ್ಲಿ ಕಿಲೆವೆಂಟ್ ಅನ್ನುವ ಮನೆಯಲ್ಲಂತೂ ಆಕಳಿಗೂ ಮನೆಯೊಡತಿಗೂ ಒಂದೇ ಬಾಗಿಲು. ಮನೆಯನ್ನು ಇಳಿಜಾರಿಗೆ ಉದ್ದುದ್ದ ಕಟ್ಟಿ ದನಗಳನ್ನು ತಗ್ಗಿನಲ್ಲಿ ಕಟ್ಟುವುದು ಆ ಕಡೆಯ ಪದ್ಧತಿ, ಗಂಜಲ ಮನುಷ್ಯರ ಕಡೆ ಹರಿಯಬಾರದಲ್ವಾ. ನೋಡುತ್ತಾ ನಿಂತವಳಿಗೆ ನಮ್ಮ ಊರಮನೆಯ ದಂದಕ್ಕಿ ಕಣ್ಣಿಗೆ ಕಟ್ಟಿತು. ತಲೆಬಾಗಿಲು ದಾಟಿದರೆ ಮೊದಲು ಸಿಗುವುದೇ ದಂದಕ್ಕಿ, ಅಂದರೆ ದನದ ಹಕ್ಕೆ. ಎಡಕ್ಕೆ ಗೋದಲಿ, ನಾಲ್ಕು ಎತ್ತು, ಎರಡು ಎಮ್ಮೆ. ಅಲ್ಲಿಂದ ಎರಡೂವರೆ ಅಡಿ ಎತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಅಪ್ಪ ರಾತ್ರಿ ಕಟ್ಟೆಯ ತುದಿಗೇ ಹಾಸಿಕೊಂಡು ಮಲಗುತ್ತಿದ್ದರು. ಎತ್ತು ಉಸಿರು ಬಿಟ್ಟರೆ ಅವರಿಗೆ ಎಚ್ಚರ. ಕಾರ್ಡಿಫ್‌ನ ಸೊಸೆಗೆ ಇದನ್ನು ಹೇಳಿದರೆ ಅವಳು ನಂಬಲೇ ಇಲ್ಲ. ಕಿಲೆವೆಂಟ್ ತೋರಿಸಿದ ಮೇಲೆ ನಂಬಿದಳು.

ಆದರೆ ನನಗೆ ನಿಜವಾಗಿ ಪಾಠ ಆದದ್ದು ಈ ಹೋಲಿಕೆಯಿಂದಲ್ಲ. ಆ ಮನೆಗಳು ಬದಲಾದ ಬಗೆಯಿಂದ.

ಹೆಂಡ್ರೆ ಮನೆಯಲ್ಲಿ ಒಲೆ ನೆಲದ ನಡುವೆ, ಬಯಲಿಗೆ. ಚಿಮಣಿ ಇಲ್ಲ. ಕಿಟಕಿಗೆ ಗಾಜು ಇಲ್ಲ. ಹೊಗೆ ಮೇಲೆ ಹೋಗಿ ಹುಲ್ಲಿನ ಮಾಡಿನಲ್ಲಿ ಸಂದು ಸಿಕ್ಕಲ್ಲಿ ಹೊರಗೆ ಹೋಗಬೇಕು. ಮೊದಲು ಎಷ್ಟೋ ಮನೆ ಹೀಗೇ ಇದ್ದವು. ಆಮೇಲೆ, 16 ಮತ್ತು 17ನೇ ಶತಮಾನದಲ್ಲಿ, ಜನ ಕಲ್ಲಿನ ದೊಡ್ಡ ಬೆಂಕಿಗೂಡು ಕಟ್ಟಿ ಚಿಮಣಿ ಎಬ್ಬಿಸಿದರು. ಹೊಗೆ ಹೋದ ಮೇಲೆ ಮೇಲಿನ ಜಾಗ ಖಾಲಿ ಬಿಡುವುದೇಕೆ? ನಡುವೆ ತೊಲೆ ಹಾಕಿ ಅಟ್ಟ ಮಾಡಿದರು, ಅಟ್ಟ ಕೋಣೆಯಾಯ್ತು. ಮರದ ಗೋಡೆ ಶಿಥಿಲವಾದಾಗ ಅದರ ಜಾಗಕ್ಕೆ ಕಲ್ಲು ಬಂತು. ಕಿಲೆವೆಂಟ್ ಮೂಲದಲ್ಲಿ 15ನೇ ಶತಮಾನದ ಮರದ ಮನೆ, 1734ರಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿದ್ದು. ಎಷ್ಟೋ ಮನೆಗಳಲ್ಲಿ ದನ ಹೊರಗಿನ ಕೊಟ್ಟಿಗೆಗೆ ಹೋದವು, ಅವು ಇದ್ದ ಜಾಗ ಅತಿಥಿ ಕೋಣೆಯಾಯ್ತು. ಹುಲ್ಲಿನ ಬದಲು ಕಲ್ಲುಹಲಗೆಯ ಮಾಡು ಬಂತು. ಸಣ್ಣ ಕಿಟಕಿ ದೊಡ್ಡದಾಯ್ತು.

ಮತ್ತೆ, ಮನೆ ಹಳೆಯದನ್ನು ಪೂರ್ತಿ ಮುಚ್ಚಿಡೋದಿಲ್ಲ. ಹೊರಗಿನಿಂದ ನೋಡಿದರೆ 19ನೇ ಶತಮಾನದ ಅಚ್ಚುಕಟ್ಟಾದ ಕಲ್ಲಿನ ಮನೆ. ಅಟ್ಟ ಹತ್ತಿ ಟಾರ್ಚ್ ಹಾಕಿದರೆ ಮಾಡಿನ ತೊಲೆಗಳು ಹೊಗೆ ಹಿಡಿದು ಕರ್ರಗೆ! ಅಂದರೆ ಚಿಮಣಿ ಬರುವ ಮುಂಚೆಯೇ ಆ ತೊಲೆ ಇತ್ತು, ಒಲೆ ಬಯಲಲ್ಲಿ ಉರಿಯುತ್ತಿತ್ತು. ಹಳೆ ಮನೆ ಓದುವವರು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು. ಇನ್ನೊಂದು ಗುರುತು, ಗೋಡೆಯಲ್ಲಿ ಮೇಲಿನಿಂದ ಕೆಳಗೆ ನೆಟ್ಟಗೆ ಇಳಿಯುವ ಬಿರುಕಿನಂಥ ಗೆರೆ. ಒಟ್ಟಿಗೆ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆಮೇಲೆ ಸೇರಿಸಿದ್ದರೆ ಕಚ್ಚಿರೋದಿಲ್ಲ, ಪಕ್ಕಕ್ಕೆ ಒರಗಿ ನಿಂತಿರುತ್ತದೆ ಅಷ್ಟೇ.

ಏಣಿಯ ಮೇಲೆ ಕಪ್ಪು ಬಟ್ಟೆ ಹಿಡಿದು ನಿಂತಾಗ ನನಗೆ ಇದೆಲ್ಲ ಒಂದೇ ಸಲ ನೆನಪಾಯ್ತು.

ಕೆಳಗೆ ಇಳಿದು ಮಂಚ ಸರಿಸಿದೆ. ನೆಲದ ತುಂಬ ಪರಸಿ, ಅಂದರೆ ಕಲ್ಲಿನ ಹಾಸು. ಕಪ್ಪು ಜಂತಿಗಳ ಕೆಳಗಿನ ಒಂದು ಪರಸಿ ಉಳಿದವುಗಳಿಗಿಂತ ಚಿಕ್ಕದು, ಸುತ್ತ ಗಚ್ಚು ಬೇರೆ ಬಣ್ಣ. ನಮ್ಮ ಹೊಲ ಮಾಡುವ ಹುಡುಗನನ್ನು ಕರೆದು ಹಾರೆಯಿಂದ ಮೀಟಿಸಿದೆ. ಕೆಳಗೆ ಒಳಕಲ್ಲು! ಬಾಯಿ ತುಂಬ ಮಣ್ಣು ತುಂಬಿಕೊಂಡು, ಅಂಚು ನುಣ್ಣಗೆ ಸವೆದು ಕೂತಿತ್ತು. ಕೈ ಹಾಕಿ ಮಣ್ಣು ತೆಗೆದೆ. ಒಳಗೆ ಮುಟ್ಟಿದರೆ ಬೆಣ್ಣೆ ಸವರಿದ ಹಾಗೆ. ಎಷ್ಟು ಹೆಂಗಸರು ಎಷ್ಟು ವರ್ಷ ಖಾರ ಕುಟ್ಟಿರಬೇಕು ಅದರಲ್ಲಿ.

ಓಣಿಯ ಆ ತುದಿಯಲ್ಲಿ ಅಪ್ಪನ ಅಕ್ಕ ಇದ್ದಾರೆ. ಎಂಬತ್ತಾರು ವಯಸ್ಸು. ಓದು ಬರಹ ಇಲ್ಲ, ನೆನಪು ಮಾತ್ರ ಕಲ್ಲಲ್ಲಿ ಕೊರೆದ ಹಾಗೆ. ಕೈ ಹಿಡಿದು ಕರೆದುಕೊಂಡು ಬಂದೆ. ಒಳಕಲ್ಲು ನೋಡಿ ಅಲ್ಲೇ ಕೂತುಬಿಟ್ಟರು.

"ಇದನ್ನ ಯಾಕ ತಗದ್ಯವಾ?" ಅಂದರು ಮೊದಲು. ಆಮೇಲೆ ಕೈಯಾಡಿಸಿದರು. "ಇಲ್ಲೇ ಇತ್ತ ನೋಡ ಒಲಿ. ನಮ್ಮವ್ವ ಆ ಮೂಲ್ಯಾಗ ಕುಂತು ರೊಟ್ಟಿ ಬಡೀತಿದ್ಲು. ಮ್ಯಾಲ ಬೆಳಕಿಂಡಿ ಇತ್ತು. ಮಳಿ ಬಂದ್ರ ನನಗ ಹೇಳೋಳು, ಹೋಗ ಮಾಳಗಿ ಹತ್ತಿ ಕಲ್ಲ ಮುಚ್ಚಿ ಬಾ ಅಂತ."

ಮಾಳಗಿ ಅಂದರೆ ನಮ್ಮ ಕಡೆಯ ಮಣ್ಣಿನ ಸಪಾಟು ಮಾಡು. ಬೆಳಕಿಂಡಿ ಅಂದರೆ ಬೆಳಕು ಬರಲು, ಹೊಗೆ ಹೋಗಲು ಅದರಲ್ಲಿ ಬಿಟ್ಟ ಕಿಂಡಿ.

"ಮತ್ತ ಅಡಗಿ ಮನಿ ಹಿಂದಕ್ಕ ಯಾಕ ಹೋತು ಅತ್ತಿ?"

"ಬೆಂಕಿ ಬಿತ್ತವಾ. ನನ್ನ ಮದಿವಿ ಹಿಂದಿನ ವರ್ಷ. ಮಾಳಗಿ ಮ್ಯಾಲ ಕಣಕಿ ಬಣವಿ ಇತ್ತು. ಬೆಳಕಿಂಡ್ಯಾಗಿನಿಂದ ಕಿಡಿ ಹಾರಿತ್ತು. ಬಣವಿ ಹೋತು, ಎರಡ ಎತ್ತು ಹೋದವು. ಆವಾಗ ನಮ್ಮಪ್ಪ ಅಂದ, ಇನ್ನ ಒಲಿ ಮನಿ ನಡುವ ಬ್ಯಾಡ ಅಂತ."

ನಾನು ಮತ್ತೆ ಏಣಿ ಹತ್ತಿದೆ. ಕಪ್ಪು ಜಂತಿಗಳ ನಡುವೆ ಎರಡು ಗೇಣು ಚೌಕದಲ್ಲಿ ಚಿಲಿಕೆಗಳು, ಅಂದರೆ ಜಂತಿಯ ಮೇಲೆ ಹೊದಿಸುವ ಕಟ್ಟಿಗೆ ತುಂಡುಗಳು, ಹೊಸವು, ಅಡ್ಡಕ್ಕೆ ಹಾಕಿದ್ದಾರೆ. ಮುಚ್ಚಿದ ಬೆಳಕಿಂಡಿ! ಅರವತ್ತು ವರ್ಷ ಅದರ ಕೆಳಗೆ ಓಡಾಡಿದ್ದೇನೆ, ಒಂದು ಸಲವೂ ಕತ್ತೆತ್ತಿ ನೋಡಿರಲಿಲ್ಲ.

ಆವತ್ತಿನಿಂದ ನನಗೆ ಹುಚ್ಚು ಹಿಡಿದ ಹಾಗಾಯ್ತು. ಅಳತೆ ಟೇಪು, ಇನ್ನೂರು ಪುಟದ ವಹಿ, ತಮ್ಮನ ಮಗಳು. ಅವಳು ಬೆಳಗಾವಿಯಲ್ಲಿ ಸಿವಿಲ್ ಓದುತ್ತಾಳೆ, ರಜೆಗೆ ಬಂದಿದ್ದಳು. ಇಬ್ಬರೂ ಸೇರಿ ಹತ್ತು ದಿನ ಮನೆ ಪೂರ್ತಿ ಅಳೆದೆವು.

ಮುಂದಿನ ಮೂರು ಅಂಕಣದಲ್ಲಿ ಕಂಬದಿಂದ ಕಂಬಕ್ಕೆ ಏಳೂವರೆ ಅಡಿ. ಹಿಂದಿನ ಎರಡಕ್ಕೆ ಒಂಬತ್ತು ಅಡಿ ಎರಡು ಇಂಚು. ಮುಂದಿನ ಕಂಬ ಬೇವಿನವು, ಜಂತಿ ಜಾಲಿಯವು, ಸೊಟ್ಟಪಟ್ಟ. ಕಂಬದ ತಲೆಯ ಮೇಲೆ ತೊಲೆ ಹೊರುವ ಬೋದಿಗೆಗಳಿಗೆ ಕೆತ್ತನೆ ಇಲ್ಲ. ಹಿಂದಿನದು ಎಲ್ಲ ಸಾಗವಾನಿ, ನೂಲು ಹಿಡಿದ ಹಾಗೆ ನೆಟ್ಟಗೆ. ಬೋದಿಗೆಗೆ ಗಿಳಿ, ಬಾಳೆಗೊನೆ, ಬಳ್ಳಿ. ಬಾದಾಮಿ ಸೀಮೆಯ ಬಯಲಲ್ಲಿ ಸಾಗವಾನಿ ಎಲ್ಲಿ ಬೆಳೆಯಬೇಕು? ಹಳಿಯಾಳ, ದಾಂಡೇಲಿ ಕಡೆಯ ಕಾಡಿನಿಂದ ಬಂದಿರಬೇಕು. ಎತ್ತಿನ ಬಂಡಿಯಲ್ಲಿ ಅಷ್ಟು ದೂರದಿಂದ ತೊಲೆ ತರುವುದು ಸಣ್ಣ ರೈತನಿಗೆ ಆಗದ ಮಾತು. 1876ರಿಂದ 78ರ ದೊಡ್ಡ ಬರದ ಮೇಲೆ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಗೆ ರೈಲು ಹಾಕಿದರು, 1880ರ ದಶಕದಲ್ಲಿ. ನಮ್ಮ ಸಾಗವಾನಿ ಆ ರೈಲಿನ ಕಾಲದ್ದು ಅಂತ ನನ್ನ ಊಹೆ. ಊಹೆ ಅಂತಲೇ ವಹಿಯಲ್ಲಿ ಬರೆದಿದ್ದೇನೆ. ಬೇವಿನ ಮನೆ ಅದಕ್ಕೂ ಹಳೆಯದು.

ಇವೆರಡೂ ಕೂಡುವ ಕಡೆ ಹೊರಗೋಡೆಯಲ್ಲಿ ಆ ಗೆರೆ ಸಿಕ್ಕಿತು. ಅಟ್ಟದ ಎತ್ತರದಿಂದ ಅಡಿಪಾಯದವರೆಗೆ ನೆಟ್ಟಗೆ. ಮಣ್ಣಿನ ಸಾರಣೆಯ ಕೆಳಗೆ ಇತ್ತು. ತಮ್ಮನ ಮಗಳು ಅದರೊಳಗೆ ಸ್ಕೇಲು ತೂರಿಸಿ "ದೊಡ್ಡವ್ವಾ, ಆರು ಇಂಚು ಒಳಗ ಹೋತು" ಅಂತ ಕೂಗಿದಳು. ಕಲ್ಲು ಕಲ್ಲಿಗೆ ಕಚ್ಚೇ ಇರಲಿಲ್ಲ.

ಗೋಡೆಯ ಮಾತು ಬಂತು, ಒಂದು ತಪ್ಪನ್ನೂ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ನಮ್ಮ ಹಿತ್ತಲ ಗೋಡೆ ಅರ್ಧ ಕುಸಿಯಿತು, ಹಿತ್ತಲ ಬಾಗಿಲು ಚೌಕಟ್ಟು ಸಮೇತ ಹೋಯಿತು. ಗಡಿಬಿಡಿಯಲ್ಲಿ ಗೌಂಡಿಯೊಬ್ಬರಿಂದ ಉಳಿದ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಮಾಡಿಸಿದೆವು. ಗಟ್ಟಿ ಇರುತ್ತೆ ಅಂದರು, ನಾವೂ ಹೂಂ ಅಂದೆವು. ಎರಡು ಮಳೆಗಾಲ ಆಗುವಷ್ಟರಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಬಿಸಿಲಿಗೆ ಉಸಿರಾಡಿ ಬಿಟ್ಟುಬಿಡುತ್ತದೆ. ಮೇಲೆ ಸಿಮೆಂಟ್ ಬಿಗಿದರೆ ತೇವಕ್ಕೆ ದಾರಿ ಇಲ್ಲ. ಒಳಗೇ ಕೊಳೆತು ಮಣ್ಣು ಕೆಸರಾಗುತ್ತದೆ. ವೇಲ್ಸ್‌ನಲ್ಲೂ ಇದೇ ಗೋಳು. ಅಲ್ಲಿಯ ಹಳೆ ಕಲ್ಲಿನ ಮನೆಗಳಿಗೆ ಸಿಮೆಂಟ್ ಬಳಿದು ಒಳಗೆಲ್ಲ ತೇವ ಕಟ್ಟಿಕೊಂಡ ಮೇಲೆ ಮತ್ತೆ ಸುಣ್ಣಕ್ಕೆ ಮರಳಿದ್ದಾರೆ. ಸೇಂಟ್ ಫ್ಯಾಗನ್ಸ್‌ನಲ್ಲಿ ನಾಂಟ್‌ವಾಲ್ಟರ್ ಅನ್ನುವ ಪುಟ್ಟ ಮನೆ ಇದೆ, 1770ರ ಸುಮಾರಿನದು. ಗೋಡೆ ಪೂರ್ತಿ ಮಣ್ಣು, ಹುಲ್ಲು, ಸಣ್ಣ ಕಲ್ಲು ಕಲಸಿ ಎಬ್ಬಿಸಿದ್ದು. ಮೇಲೆ ಬರೀ ಸುಣ್ಣ. ಅಷ್ಟು ಮಳೆಯ ನಾಡಿನಲ್ಲಿ ಮಣ್ಣಿನ ಗೋಡೆ ನಿಂತಿದೆ! ವರ್ಷಕ್ಕೆ 600 ಮಿಲಿಮೀಟರ್ ಕೂಡ ಮಳೆ ಬಾರದ ನಮ್ಮ ಸೀಮೆಯಲ್ಲಿ ನಾವು ಮಣ್ಣಿಗೆ ಹೆದರಿದ್ದೆವು.

ಈ ಸಲ ಸಿಮೆಂಟ್ ಪೂರ್ತಿ ಕೆತ್ತಿಸಿದೆ. ಮಣ್ಣಿಗೆ ಹೊಟ್ಟು ಹಾಕಿ, ನೀರು ಬಿಟ್ಟು, ಎಂಟು ದಿನ ಕೊಳೆಯಲು ಬಿಟ್ಟು, ದಿನಾ ತುಳಿದು ಗೋಡೆ ಕಟ್ಟಿದರು. ತುಳಿಯೋಕೆ ಜನ ಸಿಗೋದು ಕಷ್ಟ ಆಯ್ತು. ಎಪ್ಪತ್ತು ದಾಟಿದ ಇಬ್ಬರು ಹಿರಿಯರು ಬಂದು ಹುಡುಗರಿಗೆ ಹದ ತೋರಿಸಿದರು. ಮುಂಗಾರಿಗೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿಸಿದೆ, ಮೂರು ಟ್ರ್ಯಾಕ್ಟರ್. ಉಪ್ಪಿನಂಶದ ಆ ಬಿಳಿ ಮಣ್ಣು ನೀರು ಬಿದ್ದ ಕೂಡಲೇ ಮೆತ್ತಗಾಗಿ ಸಂದು ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಆಗುವಾಗ ತಮ್ಮನಿಗೆ ಒಂದು ಆಸೆ ಹುಟ್ಟಿತು. ಬಾದಾಮಿಗೆ ಪ್ರವಾಸಿಗರು ಬರ್ತಾರೆ, ಮನೆಯನ್ನು ಮೂಲ ಸ್ಥಿತಿಗೆ ತಂದು ಹೋಂಸ್ಟೇ ಮಾಡೋಣ ಅಂತ. ಅವನ ಆಸೆ ತಪ್ಪಲ್ಲ. ಆದರೆ ಮೂಲ ಅಂದರೆ ಯಾವುದು? ಬೇವಿನ ಮೂರಂಕಣವೇ? ಸಾಗವಾನಿ ಸೇರಿದ ಐದಂಕಣವೇ? ಒಲೆ ನಡುವೆ ಇದ್ದದ್ದೇ, ಬೆಂಕಿ ಬಿದ್ದ ಮೇಲಿನದೇ? ಅವನ ಕಣ್ಣಿಗೆ ಮೊದಲು ಬಿದ್ದದ್ದು ಪಡಸಾಲೆಯ ನಡುಗೋಡೆ. ಅದನ್ನು ಕೆಡವಿದರೆ ಪಡಸಾಲೆ ಅರಮನೆ ಹಾಗೆ ಕಾಣುತ್ತೆ ಅಂದ. ಆ ಕಡೆಯ ಪಾಲಿನ ಚಿಕ್ಕಪ್ಪನ ಮಗನೂ ಒಪ್ಪಿಕೊಂಡಿದ್ದ.

ನಾನು ಒಪ್ಪಲಿಲ್ಲ.

ಆ ಗೋಡೆ 1984ರದು. ಅಪ್ಪ, ಚಿಕ್ಕಪ್ಪ ಬೇರೆಯಾದಾಗ ಎದ್ದದ್ದು. ಗೋಡೆ ಎದ್ದರೂ ಮೇಲಿನ ತೊಲೆ ಒಂದೇ, ಎರಡೂ ಮನೆಯ ಮೇಲೆ ಹಾದು ಹೋಗುತ್ತದೆ. ಕಡಿದರೆ ಎರಡೂ ಮಾಳಿಗೆ ಕೆಳಗೆ. ಅದಕ್ಕೆ ಪಾಲಿನ ಕಾಗದದಲ್ಲಿ ಒಂದು ಸಾಲು ಸೇರಿಸಿದ್ದಾರೆ: ತೊಲೆ ಉಭಯತರಿಗೂ ಸೇರಿದ್ದು, ಯಾರೂ ಕಡಿಯತಕ್ಕದ್ದಲ್ಲ. ಗೋಡೆಯ ನಡುವೆ, ಸೊಂಟದ ಎತ್ತರಕ್ಕೆ, ಒಂದು ಗೇಣಿನ ಕಿಂಡಿ ಇದೆ. ಅದು ಅಮ್ಮನ ಕೆಲಸ, ಅಂದರೆ ಅಪ್ಪನ ತಾಯಿಯದು. ಗೌಂಡಿ ಇಟ್ಟಿಗೆ ಇಡುತ್ತಾ ಬಂದಾಗ ಅಮ್ಮ ಅಲ್ಲಿ ಕೈ ಇಟ್ಟು ನಿಂತಳಂತೆ. "ಇಷ್ಟ ಬಿಡು" ಅಂದಳಂತೆ. ಎಮ್ಮೆ ನಮ್ಮ ಪಾಲಿಗೆ ಬಂದಿದ್ದವು. ಚಿಕ್ಕಪ್ಪನ ಮನೆಯಲ್ಲಿ ಸಣ್ಣ ಮಕ್ಕಳು. ದಿನಾ ಬೆಳಿಗ್ಗೆ ಆ ಕಿಂಡಿಯಿಂದ ಮಜ್ಜಿಗೆ ಚರಿಗೆ ಆ ಕಡೆ ಹೋಗುತ್ತಿತ್ತು. ಅಣ್ಣತಮ್ಮ ಮಾತು ಬಿಟ್ಟಿದ್ದ ಮೂರು ವರ್ಷವೂ ಹೋಗುತ್ತಿತ್ತು. ಕಿಂಡಿಯ ಕೆಳಅಂಚು ಚರಿಗೆ ಉಜ್ಜಿ ಉಜ್ಜಿ ದೋಣಿಯ ಹಾಗೆ ಸವೆದಿದೆ. ನಾನೇ ಎಷ್ಟೋ ಸಲ ಚರಿಗೆ ದಾಟಿಸಿದ್ದೇನೆ. ಆ ಕಡೆಯಿಂದ ಖಾಲಿ ಚರಿಗೆಯಲ್ಲಿ ಒಮ್ಮೊಮ್ಮೆ ಎರಡು ಪೇರಲಹಣ್ಣು ವಾಪಸ್ ಬರುತ್ತಿದ್ದವು.

ಈ ಗೋಡೆಯನ್ನು ತೆಗೆದು ಅದೂ ಒಂದು ಮೂಲ ಸ್ಥಿತಿ ಅನ್ನೋದು ಹೇಗೆ?

ತಮ್ಮನಿಗೆ ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಸೇಂಟ್ ಫ್ಯಾಗನ್ಸ್‌ನಲ್ಲಿ ಕೆನಿಕ್ಸ್ಟನ್ ಅಂತ ಒಂದು ಮನೆ ಇದೆ, ಗವರ್ ಅನ್ನುವ ಕಡಲ ಸೀಮೆಯದು. 1610ರಲ್ಲಿ ಕಟ್ಟಿದ್ದು, ಆಮೇಲೆ ಒಂದೊಂದೇ ಭಾಗ ಸೇರಿದೆ. ಹೊರಗೋಡೆ ಕೆಂಪೋ ಕೆಂಪು, ಕೆಟ್ಟ ಶಕ್ತಿ ಬಾರದಿರಲಿ ಅಂತ ಹಾಗೆ ಬಳಿಯುತ್ತಿದ್ದರಂತೆ. ನಾವು ಹೊಸ್ತಿಲಿಗೆ ಕೆಮ್ಮಣ್ಣು ಹಚ್ಚುವುದು ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ಅಲ್ಲಿ ಸೇರಿದ ಭಾಗಗಳನ್ನು ಕಿತ್ತು ಬರೀ 1610ರದ್ದು ಉಳಿಸಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರೈತನ ಮನೆಯೂ ಅಲ್ಲ, ರೀಡ್-ಅ-ಕಾರ್ ಅನ್ನುವ ಕಾರ್ಮಿಕರ ಆರು ಮನೆಗಳ ಸಾಲು. ಆರೂ ಒಂದೇ ಅಳತೆ. ಮೊದಲನೆಯದನ್ನು 1805ರಲ್ಲಿ ಇದ್ದ ಹಾಗೆ ಜೋಡಿಸಿದ್ದಾರೆ, ಮುಂದಿನದು 1855, 1895, 1925, 1955, ಕೊನೆಯದು 1985. ಒಂದೊಂದೇ ಬಾಗಿಲು ಹೊಕ್ಕು ಹೊರಬಂದರೆ ಅದೇ ಗೋಡೆಗಳ ನಡುವೆ ಬದುಕು ಬದಲಾಗುತ್ತಾ ಹೋದದ್ದು ಕಾಣುತ್ತದೆ. 1985ರ ಮನೆಯಲ್ಲಿ ಟಿವಿ ಕೂಡ ಇದೆ. ಅದೂ ಚರಿತ್ರೆಯೇ ಅಂತ ಅವರಿಗೆ ಅನಿಸಿದೆ.

ತಮ್ಮ ಒಂದು ವಾರ ಮಾತಾಡಲಿಲ್ಲ. ಆಮೇಲೆ ಬಂದು ಕಿಂಡಿಯ ಮುಂದೆ ಕೂತ. ಅಂಚಿನ ಮೇಲೆ ಬೆರಳಾಡಿಸಿದ. ಗೋಡೆ ಉಳಿಯಿತು.

ನನಗೆ ಇಷ್ಟು ಹಟ ಏಕೆ ಅಂತ ಕೇಳಿದರೆ, ಅದಕ್ಕೆ ಬಾಗಲಕೋಟೆ ಕಾರಣ. ನನ್ನ ಗಂಡನ ಮನೆ ಹಳೆ ಬಾಗಲಕೋಟೆಯಲ್ಲಿ ಇತ್ತು. ಆಲಮಟ್ಟಿ ಹಿನ್ನೀರು 519.60 ಮೀಟರಿಗೆ ನಿಂತಾಗ ಆ ಓಣಿ ನೀರಿಗೆ ಹೋಯಿತು. ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರಕ್ಕೆ ಬಂದೆವು. ಮನೆ ಬಿಡುವಾಗ ನಾವು ತಂದದ್ದು ತಲೆಬಾಗಿಲು, ನಾಲ್ಕು ಕಂಬ, ದೇವರ ಜಗಲಿಯ ಹಲಗೆ. ಆ ಬಾಗಿಲು ಈಗ ನಮ್ಮ ಆರ್‌ಸಿಸಿ ಮನೆಗೆ ಇದೆ, ಚೌಕಟ್ಟಿಗೆ ಹೊಂದಲಿ ಅಂತ ಕೆಳಗೆ ನಾಲ್ಕು ಇಂಚು ಕತ್ತರಿಸಿದೆವು. ಎಲ್ಲಿ ಒಲೆ ಇತ್ತು, ಎಲ್ಲಿ ಕಾಳು ತುಂಬುವ ಹಗೇವು ಇತ್ತು, ಯಾವ ಗೋಡೆ ಯಾವಾಗ ಎದ್ದಿತ್ತು, ಒಂದು ಹಾಳೆಯಲ್ಲೂ ಬರೆದಿಡಲಿಲ್ಲ. ಒಂದು ನಕ್ಷೆ ಇಲ್ಲ. ಗಂಡನ ತಾಯಿ ತೀರಿಕೊಂಡರು, ಕೇಳಲು ಯಾರೂ ಇಲ್ಲ. ವೇಲ್ಸ್‌ನಲ್ಲೂ ನೀರಿಗೆ ಹೋದ ಊರುಗಳಿವೆ. ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಕಾಪೆಲ್ ಕೆಲಿನ್ ಅನ್ನುವ ಹಳ್ಳಿ ಮುಳುಗಿತು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಹನ್ನೆರಡು ಮನೆ ಮತ್ತು ತೋಟದ ಮನೆಗಳು. ಅದನ್ನು ಮರೆಯಬೇಡಿ ಅಂತ ಇವತ್ತಿಗೂ ಗೋಡೆಗಳ ಮೇಲೆ ಬರೆಯುತ್ತಾರೆ. ಮಗ ಆ ಬರಹದ ಅರ್ಥ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸುವ ಮಾತು ಇದೆ. ಇನ್ನೂ ಎಷ್ಟೋ ಓಣಿ, ಎಷ್ಟೋ ಹಳ್ಳಿ ಹೋಗುತ್ತವೆ. ಬಾಗಲಕೋಟೆ ಕಡೆಯವರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ: ಒಂದು ಟೇಪು, ಒಂದು ವಹಿ, ಮನೆಯ ಹಿರಿಯರೊಬ್ಬರು. ಒಂದು ವಾರ ಸಾಕು. ಅಂಕಣ ಎಣಿಸಿ. ಜಂತಿ ಒರೆಸಿ ನೋಡಿ. ಮುಚ್ಚಿದ ಬಾಗಿಲು, ಮುಚ್ಚಿದ ಬೆಳಕಿಂಡಿ ಹುಡುಕಿ. ಯಾಕೆ ಮುಚ್ಚಿದರು ಅಂತ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.

ನಮ್ಮ ಹಿತ್ತಲ ಬಾಗಿಲಿಗೆ ಹೊಸ ಚೌಕಟ್ಟು ಬೇಕಿತ್ತು. ಕಟ್ಟಿಗೆಯದು ಬೇಡ, ಮತ್ತೆ ಹೊಳೆ ಬಂದರೆ ಹೋಗುತ್ತದೆ ಅಂತ ನಮ್ಮ ಕಡೆಯ ಕೆಂಪು ಮರಳುಗಲ್ಲಿನಲ್ಲೇ ಮಾಡಿಸಿದೆ. ವೇಲ್ಸ್‌ನಲ್ಲಿ ಎಷ್ಟೋ ಹಳೆ ಮನೆಗಳ ಬಾಗಿಲ ಮೇಲೆ ಇಸವಿ ಕೆತ್ತಿರುತ್ತಾರೆ. ಮನೆ ಕಟ್ಟಿದ ವರ್ಷ ಅಂತ ನೋಡಿದವರು ತಿಳಿಯುತ್ತಾರೆ, ಆದರೆ ಅದು ಎಷ್ಟೋ ಸಲ ದುರಸ್ತಿ ಮಾಡಿದ ವರ್ಷ ಆಗಿರುತ್ತದೆ. ನಮಗೂ ಒಂದು ಇರಲಿ ಅಂತ ಕಲ್ಲು ಕೆತ್ತುವವನಿಗೆ ಹೇಳಿದೆ. ಉಳಿ ಹಿಡಿದುಕೊಂಡು ಅವನು ಕೇಳಿದ, "ಮನಿ ಇಸ್ವಿ ಹಾಕ್ಲೇನ್ರಿ ಅಕ್ಕಾರ, ಬಾಗಲದ್ದು ಹಾಕ್ಲೇನ್ರಿ?"

"ಬಾಗಲದ್ದು ಹಾಕಪಾ," ಅಂದೆ. "ಕನ್ನಡ ಅಂಕಿಯೊಳಗ."

೨೦೨೪ ಅಂತ ಕೆತ್ತಿದ. ಅಪ್ಪನ ಅಕ್ಕ ಬಂದು ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದರು. ಜೂನ್‌ನ ಮೊದಲ ಮಳೆಗೆ ಕದ ನೀರು ಕುಡಿದು ಬಿಗಿಯಾಯ್ತು. ಬಡಿಗೇರನನ್ನು ಕರೆಸಿ ಕೆಳಗೆ ಒಂದು ನೂಲಿನಷ್ಟು ಕೀಸಿಸಿದೆವು. ಅದನ್ನೂ ವಹಿಯಲ್ಲಿ ಬರೆದಿಟ್ಟಿದ್ದೇನೆ.